ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?

ಕುತ್ತಿಗೆಯಲ್ಲೊಂದು ಗಂಟು. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಾಗಲಿ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ, ಬರೀ ಮುಟ್ಟಿ ನೋಡಿ ಅದು ಯಾವ ಗಡ್ಡೆಯೆಂದು ಖಚಿತವಾಗಿ ಹೇಳಲಾಗದು. ಜೀವಕೋಶದ ಡಿಎನ್‌ಎ ಕೆಟ್ಟು, ವಿಭಜನೆಗೆ ಕಡಿವಾಣ ತಪ್ಪಿದಾಗ ಗಡ್ಡೆ ಬೆಳೆಯುತ್ತದೆ. ಕೊಬ್ಬಿನ ಗಡ್ಡೆ ಲೈಪೋಮಾ ಇದ್ದಲ್ಲೇ ಇರುತ್ತದೆ. ಕ್ಯಾನ್ಸರ್ ಪಕ್ಕದ ಅಂಗಾಂಶಕ್ಕೆ ನುಗ್ಗಿ, ರಕ್ತ, ದುಗ್ಧರಸದ ದಾರಿ ಹಿಡಿಯುತ್ತದೆ. ಈ ವ್ಯತ್ಯಾಸ ಕಾಣುವುದು ಬಯಾಪ್ಸಿಯಲ್ಲಿ, ಅಂದರೆ ಸೂಜಿಯಿಂದ ತೆಗೆದ ಕೋಶಗಳನ್ನು ಇಟ್ಟ ಗಾಜಿನ ಸ್ಲೈಡಿನ ಮೇಲೆ, ನೇರಳೆ ಬಣ್ಣ ಹೀರಿದ ಕೋಶಕೇಂದ್ರಗಳಲ್ಲಿ: ಕ್ಯಾನ್ಸರಾದರೆ ಹಿಗ್ಗಿದ, ಒಂದರಂತೆ ಒಂದಿಲ್ಲದ ಚುಕ್ಕಿಗಳು.

ಸೂಜಿ ಚುಚ್ಚಿದರೆ ಹರಡುತ್ತೆ ಅನ್ನುವವರ ಭಯಕ್ಕೆ ಬುಡವೇ ಇಲ್ಲವೆಂದಲ್ಲ. ಸೂಜಿಯ ಜಾಡಿನಲ್ಲಿ ಕೋಶ ಉಳಿಯುವುದುಂಟು, ಆದರೆ ತೀರಾ ಅಪರೂಪ. ವೃಷಣದ ಗಡ್ಡೆಗಾದರೆ ಸಾಮಾನ್ಯವಾಗಿ ವೈದ್ಯರೇ ಸೂಜಿ ಹಾಕುವುದಿಲ್ಲ. ಆದರೆ ಪರೀಕ್ಷೆಯಿಲ್ಲದೆ ಕಾದರೆ ಕ್ಯಾನ್ಸರ್ ತಾನಾಗಿಯೇ ಹರಡುತ್ತದೆ, ಅದು ಅಪರೂಪವೇನಲ್ಲ. ಬಯಾಪ್ಸಿ ಬರೆದುಕೊಟ್ಟಿದ್ದರೆ ಈ ವಾರವೇ ಮಾಡಿಸಿ.