ಒಂದು ಸಹಿಯ ಹೊಣೆ

ಅಮೆರಿಕದ ಪೌರನಾದ ಮಗ ತಂದೆ-ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಪ್ರೀತಿಯೊಂದೇ ಸಾಲದು. ಐ-864 ಎಂಬ ಫಾರಂಗೆ ಸಹಿ ಹಾಕಬೇಕು. 1996ರ ಕಾಯ್ದೆಯ ಪ್ರಕಾರ ಅದು ಬರೀ ಭರವಸೆಯಲ್ಲ, ನ್ಯಾಯಾಲಯದಲ್ಲಿ ಜಾರಿಯಾಗಬಲ್ಲ ಕರಾರು.

ಲೆಕ್ಕ ಸರಳ. ಮಗ, ಸೊಸೆ, ಮೊಮ್ಮಗು ಮೂವರು. ಬರಲಿರುವ ಅಪ್ಪ, ಅಮ್ಮ ಸೇರಿದರೆ ಐವರು. ಐವರ ಕುಟುಂಬಕ್ಕೆ ಅಲ್ಲಿನ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ಮಟ್ಟದ ಶೇ. 125ರಷ್ಟು ವರಮಾನ ಇರಬೇಕು. ಅದಕ್ಕೆ 4,000 ಡಾಲರ್ ಕಡಿಮೆ ಬಿತ್ತೆನ್ನಿ. ಆಗ ಐದು ಪಟ್ಟು, ಅಂದರೆ 20,000 ಡಾಲರ್ ಬೆಲೆಯ, ಒಂದು ವರ್ಷದೊಳಗೆ ನಗದು ಮಾಡಬಹುದಾದ ಆಸ್ತಿ ತೋರಿಸಬಹುದು. ಹೆತ್ತವರ ಉಳಿತಾಯವೂ ಇದಕ್ಕೆ ಸೇರುತ್ತದೆ. ಅದೂ ಸಾಲದಿದ್ದರೆ ಅಲ್ಲೇ ನೆಲೆಸಿರುವ ಪೌರರೋ ಗ್ರೀನ್ ಕಾರ್ಡ್ ಉಳ್ಳವರೋ ಜಂಟಿ ಹೊಣೆಗಾರರಾಗಬಹುದು. ಆದರೂ ಮಗನ ಸಹಿ ತಪ್ಪದು.

"ಮಾವ, ಒಂದು ಸಹಿ ತಾನೇ?" ಎನ್ನುವ ಮುನ್ನ ಯೋಚಿಸಿ. ಬಂದವರು ಪೌರತ್ವ ಪಡೆಯುವವರೆಗೆ, ಇಲ್ಲವೇ ಸುಮಾರು 10 ವರ್ಷಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ ಈ ಹೊಣೆ ಉಳಿಯುತ್ತದೆ. ಅವರು ಬಡವರಿಗೆಂದಿರುವ ಕೆಲವು ಸರ್ಕಾರಿ ನೆರವು ಪಡೆದರೆ ಆ ಹಣವನ್ನು ಸಹಿ ಹಾಕಿದವರಿಂದ ವಸೂಲು ಮಾಡಬಹುದು. ಗಂಡ-ಹೆಂಡತಿಯ ನಡುವಿನ ಸಹಿಯಾದರೆ ವಿಚ್ಛೇದನದಿಂದಲೂ ಹೊಣೆ ಹರಿಯದು.

ಹೆತ್ತವರೇ, ಸಹಿ ಕೇಳುವ ಮೊದಲು ಈ ಲೆಕ್ಕವನ್ನು ಮಕ್ಕಳೊಂದಿಗೆ ಕುಳಿತು ಮಾಡಿ. ವಿದ್ಯಾರ್ಥಿಗಳೇ, ನಾಳೆ ಸಹಿ ಹಾಕುವವರು ನೀವೇ ಆಗಬಹುದು.