ಮಳೆಯ ಲೆಕ್ಕದಿಂದ ಹುಟ್ಟಿದ ವಿಮೆ

ಚನ್ನಗಿರಿಯ ಅಡಿಕೆ ಬೆಳೆಗಾರರು ಹವಾಮಾನ ಆಧಾರಿತ ವಿಮೆಗೆ ಕಂತು ಕಟ್ಟುತ್ತಾರೆ. ಅಲ್ಲಿ ಪರಿಹಾರ ನಿರ್ಧಾರವಾಗುವುದು ಮುಖ್ಯವಾಗಿ ಮಳೆಮಾಪಕದ ಅಂಕಿಯಿಂದ. ಈ ಆಲೋಚನೆ ನೂರು ವರ್ಷಗಳ ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಮೂಡಿತ್ತು.

ಮಳೆ ಕೈಕೊಟ್ಟಾಗ ರೈತರನ್ನು ಕಾಯುವ ದಾರಿ ಹುಡುಕಿದವರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ. ಬೆಳೆ ಹಾಳಾದದ್ದಕ್ಕೆ ಮಳೆ ಕಾರಣವೋ ಬೇಸಾಯದ ಕೊರತೆಯೋ ಎಂದು ಹೊಲಹೊಲಕ್ಕೂ ಹೋಗಿ ಪರಿಶೀಲಿಸುವುದು ಕಷ್ಟ. ಮಳೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಮಳೆಯ ಕೊರತೆಗೇ ವಿಮೆ ಮಾಡೋಣ ಎಂದರು. 1920ರಲ್ಲಿ ಈ ಯೋಜನೆ ಪುಸ್ತಕವಾಗಿ ಬಂತು.

ಇದರ ಬೆನ್ನೆಲುಬು ಸಂಭವನೀಯತೆಯ ಗಣಿತ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ವಿಧದಲ್ಲಿ ಆರಿಸಬಹುದೆಂಬ ಸೂತ್ರವನ್ನು ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದರು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ, ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಹಂಚುವ ಬಗ್ಗೆ ಪತ್ರ ಬರೆದುಕೊಂಡಾಗ ಆ ಎಣಿಕೆ ನಾಳೆಯ ಅಂದಾಜಿಗೂ ಒದಗಿತು. ದಾಖಲೆ ಹೆಚ್ಚಿದಷ್ಟೂ ಅಂದಾಜು ನಿಜಕ್ಕೆ ಹತ್ತಿರವಾಗುತ್ತದೆ ಎಂಬುದನ್ನು ಜೇಕಬ್ ಬರ್ನೂಲಿ ಸಾಧಿಸಿ ತೋರಿಸಿದ ಗ್ರಂಥ ಬಂದದ್ದು 1713ರಲ್ಲಿ.

ಉದಾಹರಣೆಗೆ, ಜಗಳೂರು ತಾಲ್ಲೂಕಿನ ಒಂದು ಹೋಬಳಿಯಲ್ಲಿ 40 ವರ್ಷಗಳ ಪೈಕಿ 10 ವರ್ಷ ಮುಂಗಾರು ಸೋತಿದೆ ಎಂದುಕೊಳ್ಳೋಣ. ಸೋಲಿನ ಸಂಭವನೀಯತೆ 1/4. ಸೋತ ವರ್ಷ ₹8,000 ಪರಿಹಾರ ಕೊಡಬೇಕಾದರೆ, ಖರ್ಚು ಬಿಟ್ಟು ವರ್ಷದ ನ್ಯಾಯವಾದ ಕಂತು ₹2,000. ಒಂದು ವರ್ಷದ ಮಳೆಗೂ ಮುಂದಿನದಕ್ಕೂ ಸಂಬಂಧವಿಲ್ಲದಿದ್ದರೆ, ಸತತ ಎರಡು ವರ್ಷ ಸೋಲುವ ಸಂಭವನೀಯತೆ 1/16. ಆದರೆ ಬರ ಬಂದರೆ ಅಕ್ಕಪಕ್ಕದ ಊರುಗಳಿಗೆಲ್ಲ ಒಟ್ಟಿಗೇ ಬರುತ್ತದೆ. ಆದ್ದರಿಂದ ಮಳೆಯಾಶ್ರಿತ ಜಗಳೂರಿನ ಜೊತೆಗೆ ಮಳೆಯ ರೀತಿಯೇ ಬೇರೆಯಾದ ದೂರದ ಸೀಮೆಗಳೂ ಒಂದೇ ವಿಮೆಯಲ್ಲಿದ್ದರೆ ಮಾತ್ರ ಹೊರೆ ಹಂಚಿಹೋಗುತ್ತದೆ.

ಈ ಆಲೋಚನೆಯ ಇಂದಿನ ರೂಪವಾದ ಹವಾಮಾನ ಆಧಾರಿತ ವಿಮೆ 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲೇ ಪ್ರಾಯೋಗಿಕವಾಗಿ ಶುರುವಾಯಿತು. 2016ರ ಹೊಸ ರೂಪದಲ್ಲಿ ತೋಟಗಾರಿಕೆ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಗರಿಷ್ಠ ಶೇ 5. ಉಳಿದದ್ದು ಸರ್ಕಾರಗಳ ಪಾಲು.

ಆದರೂ ಮಾಪಕದ ಬಳಿ ಸುರಿದ ಮಳೆ ತೋಟಕ್ಕೆ ಬೀಳದೇ ಹೋಗಬಹುದು. ಮಾಪಕಗಳು ಹೊಲಗಳಿಗೆ ಹತ್ತಿರವಾಗಬೇಕು. ಮಳೆಯ ಹಳೆಯ ದಾಖಲೆ ಮತ್ತು ಕಂತಿನ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಕಂತು ಕಟ್ಟುವವರಿಗೆ ಅದು ಹೇಗೆ ನಿಗದಿಯಾಯಿತೆಂದು ತಿಳಿಯುವ ಹಕ್ಕಿದೆ.