‘ಲೈಫ್‌ಟೈಮ್ ಡೊಮೈನ್ ಉಚಿತ, ಗೂಗಲ್‌ನಲ್ಲಿ ನಂಬರ್ 1 ಗ್ಯಾರಂಟಿ’: ವೆಬ್‌ಸೈಟ್ ಆಫರ್‌ಗಳಲ್ಲಿ ಎಷ್ಟು ನಿಜ?

“ಕೇವಲ 2,999 ರೂಪಾಯಿಗೆ ನಿಮ್ಮ ಅಂಗಡಿಗೆ ವೆಬ್‌ಸೈಟ್! ಲೈಫ್‌ಟೈಮ್ ಡೊಮೈನ್ ಉಚಿತ! ಗೂಗಲ್‌ನಲ್ಲಿ ನಂಬರ್ 1 ಗ್ಯಾರಂಟಿ!” ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಬೇಕರಿ, ಹೋಮ್‌ಸ್ಟೇ, ಸೀರೆ ಅಂಗಡಿ ನಡೆಸುವವರು ಅಡ್ವಾನ್ಸ್ ಕೊಡುವ ಮುನ್ನ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ನಂಬಿಕೆ 1: ಹಣ ಕೊಟ್ಟವರು ನಾವು, ಹಾಗಾಗಿ ಡೊಮೈನ್ ನಮ್ಮದೇ

ನಿಜವಲ್ಲದೆಯೂ ಇರಬಹುದು. ಡೊಮೈನ್ ಎಂದರೆ ನಿಮ್ಮ ವೆಬ್‌ಸೈಟ್‌ನ ವಿಳಾಸ. ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಗೇ ಅದರ ಮೇಲೆ ಹಿಡಿತ. ಹಣ ಯಾರು ಕೊಟ್ಟರು ಎಂಬುದು ಅಲ್ಲಿ ದಾಖಲಾಗುವುದಿಲ್ಲ. ಎಷ್ಟೋ ಡೆವಲಪರ್‌ಗಳು, ಮೋಸದ ಉದ್ದೇಶ ಇಲ್ಲದೆಯೂ, ಕೆಲಸ ಸುಲಭವಾಗಲಿ ಎಂದು ತಮ್ಮದೇ ಖಾತೆಯಲ್ಲಿ ನೋಂದಾಯಿಸುತ್ತಾರೆ.

ಎರಡು ವರ್ಷದ ನಂತರ ಅವರು ಊರು ಬಿಟ್ಟರು, ಫೋನ್ ಸಿಗುತ್ತಿಲ್ಲ ಎಂದುಕೊಳ್ಳಿ. ನವೀಕರಣದ ನೋಟಿಸ್ ಅವರ ಇಮೇಲ್‌ಗೆ ಹೋಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಒಂದು ದಿನ ವೆಬ್‌ಸೈಟ್ ನಿಲ್ಲುತ್ತದೆ. ಅದೇ ಹೆಸರಿನ ಇಮೇಲ್ ಇದ್ದರೆ ಅದೂ ನಿಲ್ಲುತ್ತದೆ. ಅಂಗಡಿಯ ಬೋರ್ಡ್, ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕದಲ್ಲಿ ಮಾತ್ರ ಹಳೆಯ ವಿಳಾಸವೇ ಉಳಿದಿರುತ್ತದೆ.

ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ನಿಮ್ಮ ಡೊಮೈನ್ ಹಾಕಿದರೆ ಅದು ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಅವಧಿ ಎಂದು ಮುಗಿಯುತ್ತದೆ ಎಂಬುದು ತಿಳಿಯುತ್ತದೆ. ಮಾಲೀಕರ ಹೆಸರನ್ನು ಖಾಸಗಿತನಕ್ಕಾಗಿ ಮರೆಮಾಡಿರುವುದು ಸಾಮಾನ್ಯ. ಆದ್ದರಿಂದ ಆ ಖಾತೆಗೆ ನೀವೇ ಲಾಗಿನ್ ಆಗಿ, ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು ಮತ್ತು ಇಮೇಲ್ ಇದೆಯೇ ಎಂದು ನೋಡಿಕೊಳ್ಳಿ.

ನಂಬಿಕೆ 2: ಡೊಮೈನ್ ಜೀವನಪೂರ್ತಿ ಉಚಿತ

ತಪ್ಪು. ಡೊಮೈನ್ ಒಂಥರಾ ಬಾಡಿಗೆ ಮನೆಯಿದ್ದಂತೆ. ಡಾಟ್ ಕಾಮ್ ಹೆಸರನ್ನು ಒಂದು ಸಲಕ್ಕೆ ಗರಿಷ್ಠ 10 ವರ್ಷಕ್ಕೆ ಮಾತ್ರ ನೋಂದಾಯಿಸಬಹುದು. ‘ಲೈಫ್‌ಟೈಮ್’ ಎಂದರೆ ಪ್ರತಿ ಸಲ ಬೇರೆ ಯಾರೋ ಹಣ ಕಟ್ಟುತ್ತಿರಬೇಕು. ಅವಧಿ ಮೀರಿ ಹೆಸರು ಅಳಿಸಿಹೋದರೂ ಡಾಟ್ ಕಾಮ್‌ಗೆ 30 ದಿನಗಳ ಕಾಲ ಮರಳಿ ಪಡೆಯುವ ಅವಕಾಶವಿದೆ, ಆದರೆ ಶುಲ್ಕ ಹೆಚ್ಚು. ಅದೂ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ನಂಬಿಕೆ 3: ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ

ತಪ್ಪು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಹಣ ಕೊಟ್ಟರೆ ಸಿಗುವುದು ಜಾಹೀರಾತಿನ ಜಾಗ, ಸಾಮಾನ್ಯ ಹುಡುಕಾಟದ ಸ್ಥಾನವಲ್ಲ.

ನಂಬಿಕೆ 4: ಮಾಡಿಸಿದ ಮೇಲೆ ವಿನ್ಯಾಸ, ಕೋಡ್ ಎಲ್ಲಾ ನಮ್ಮದೇ

ಅಷ್ಟು ಸರಳವಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವತಂತ್ರವಾಗಿ ಕೆಲಸ ಮಾಡುವ ಡೆವಲಪರ್ ಬರೆದ ಕೋಡ್‌ಗೆ ಸಾಮಾನ್ಯವಾಗಿ ಅವರೇ ಮೊದಲ ಹಕ್ಕುದಾರರು. ಹಕ್ಕು ನಿಮಗೆ ಬರಬೇಕಾದರೆ ಅವರ ಸಹಿ ಇರುವ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ.

ಅಡ್ವಾನ್ಸ್ ಕೊಡುವ ಮುನ್ನ ಇಷ್ಟು ಮಾಡಿ

• ಡೊಮೈನ್ ಮತ್ತು ಹೋಸ್ಟಿಂಗ್ ಖಾತೆಯನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ತೆರೆಯಿರಿ. ಡೆವಲಪರ್‌ಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಕೊಡಿ.
• ಮೊದಲ ವರ್ಷದ ಖರ್ಚೆಷ್ಟು, ಎರಡನೇ ವರ್ಷದಿಂದ ಎಷ್ಟು ಎಂದು ಬರೆಸಿಕೊಳ್ಳಿ.
• ಅವರು ಮೊದಲು ಮಾಡಿಕೊಟ್ಟ ಎರಡು ಮೂರು ವೆಬ್‌ಸೈಟ್‌ಗಳನ್ನು ಮೊಬೈಲ್‌ನಲ್ಲಿ ತೆರೆದು ನೋಡಿ, ಆ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿ.
• ಹಣವನ್ನು ಕಂತಿನಲ್ಲಿ ಕೊಡಿ. ಪಾಸ್‌ವರ್ಡ್‌ಗಳು ಮತ್ತು ಬ್ಯಾಕಪ್ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.

ಈಗಾಗಲೇ ವೆಬ್‌ಸೈಟ್ ಇದ್ದರೆ, ಡೆವಲಪರ್ ಜೊತೆ ಮಾತುಕತೆ ಚೆನ್ನಾಗಿರುವಾಗಲೇ ಡೊಮೈನ್ ಅನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಕೇಳಿ. ಒಳ್ಳೆಯ ಡೆವಲಪರ್ ಇದಕ್ಕೆ ಬೇಸರಪಡುವುದಿಲ್ಲ. ಮುಂದಿನ ಸಲ ಆ ಆಫರ್ ಮೆಸೇಜ್ ಬಂದರೆ, ಅದರ ಬದಲು ಈ ಪಟ್ಟಿಯನ್ನು ಗ್ರೂಪಿಗೆ ಕಳುಹಿಸಿ.